ಪರ್ಸೆಂಟ್ ಅಂಕಲ್

ಬೆಂಗಳೂರಿನಲ್ಲಿ ಹಸಿರು ನಂಬರ್ ಪ್ಲೇಟಿನ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ: ಮನೆಯಲ್ಲಿ ಪ್ಲಗ್ ಇರುವವರು, ಇಲ್ಲದವರು. ಇರುವವರನ್ನು ಗುರುತು ಹಿಡಿಯುವುದು ಕಷ್ಟ. ರಾತ್ರಿ ಊಟವಾದ ಮೇಲೆ ಕೆಳಗಿಳಿದು ಕಾರಿಗೆ ಚಾರ್ಜರಿನ ಗನ್ನು ಸಿಕ್ಕಿಸಿ ಬಂದು ಮಲಗುತ್ತಾರೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ಕಾರಿನ ಮಾತೇ ಎತ್ತುವುದಿಲ್ಲ. ಇಲ್ಲದವರನ್ನು ನೀವು ಗುರುತು ಹಿಡಿಯಬೇಕಾದ್ದಿಲ್ಲ, ಅವರೇ ಬಂದು ಹೇಳುತ್ತಾರೆ. ಯಾವ ಮಾಲಿನ ಯಾವ ಬೇಸ್‌ಮೆಂಟಿನಲ್ಲಿ ಯಾವ ಕಂಬದ ಪಕ್ಕದ ಚಾರ್ಜರು ಕೆಟ್ಟು ಕೂತು ಎಷ್ಟು ದಿನವಾಯಿತು ಎನ್ನುವುದೆಲ್ಲ ಅವರಿಗೆ ಬಾಯಿಪಾಠ.

ಎರಡೂ ಪಂಗಡದಲ್ಲಿ ಕಾಲಿಟ್ಟಿರುವ ಒಬ್ಬರು ಈ ಲೇಖಕನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾರೆ. ಮಕ್ಕಳು ಇಟ್ಟಿರುವ ಹೆಸರು ಪರ್ಸೆಂಟ್ ಅಂಕಲ್. ರಾಜಕೀಯ ಏನೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಬೇರೆಯವರು ‘ತಿಂಡಿ ಆಯ್ತಾ’ ಎಂದು ಕೇಳಿದರೆ ಇವರು, ‘ಬೆಳಿಗ್ಗೆ ಎಂಬತ್ತೆರಡಿತ್ತು, ಜಯನಗರಕ್ಕೆ ಹೋಗಿ ಬಂದೆ, ಈಗ ಎಪ್ಪತ್ತೇಳು’ ಎನ್ನುತ್ತಾರೆ. ಮೊದಮೊದಲು ಹೊಸಬರು ಅದನ್ನು ಆಮ್ಲಜನಕದ ಪ್ರಮಾಣವೆಂದು ತಿಳಿದು ಗಾಬರಿಯಾಗಿದ್ದುಂಟು.

ಅರವತ್ತು ದಾಟಿದ ಆಸಾಮಿ. ಸಾರ್ವಜನಿಕ ಉದ್ದಿಮೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್ ಈಗಲೂ ಇರುತ್ತದೆ. ಯಾರ ಮನೆಗೆ ಹೋದರೂ ಕಣ್ಣು ಮೊದಲು ಹೋಗುವುದು ಗೋಡೆಯ ಬುಡದ ಪ್ಲಗ್ಗಿಗೆ. ಅದು ಐದು ಆಂಪ್ಸಿನದೋ ಹದಿನೈದರದೋ ಎಂದು ನೋಡಿದ ಮೇಲೆಯೇ ಮನೆಯವರ ಮುಖ ನೋಡುವುದು. ಬೆಂಗಳೂರಿನ ರಸ್ತೆಗೆ 2001ರಲ್ಲಿ ರೇವಾ ಇಳಿದಾಗಲೇ ಇವರಿಗೆ ಈ ಜ್ವರ ಹತ್ತಿತ್ತಂತೆ. ಎರಡು ಬಾಗಿಲಿನ ಆ ಪುಟ್ಟ ಕಾರಿನೊಳಗೆ ಸೀಸ-ಆಮ್ಲದ ಎಂಟು ಬ್ಯಾಟರಿ. ಅದನ್ನು ಕಂಡು ಊರೆಲ್ಲ ನಗುತ್ತಿದ್ದಾಗ ಇವರು ಮಾತ್ರ ನಿಂತು ಕೈಮುಗಿಯುತ್ತಿದ್ದರು. ಆಗ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. 2018ರಲ್ಲಿ ಕೆ.ಆರ್. ವೃತ್ತದ ಬೆಸ್ಕಾಂ ಕಚೇರಿಯ ಆವರಣದಲ್ಲಿ ಚಾರ್ಜಿಂಗ್ ಕೇಂದ್ರ ಶುರುವಾದಾಗ ಬಸ್ಸು ಹತ್ತಿ ಹೋಗಿ ನೋಡಿ ಬಂದರು. ಆಗಲೂ ಕಾರಿರಲಿಲ್ಲ. ಕಾರು ಬಂದದ್ದು ನಿವೃತ್ತಿಯ ಹಣ ಕೈಗೆ ಬಂದ ಮೇಲೆ: ಮೂವತ್ತು ಯೂನಿಟ್ ಹಿಡಿಯುವ ಬ್ಯಾಟರಿಯದು. ಕಾಗದದ ಮೇಲೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್, ನೆಲದ ಮೇಲೆ ಇನ್ನೂರರ ಆಸುಪಾಸು.

ಅಲ್ಲಿಂದ ಶುರುವಾಯಿತು ಲೆಕ್ಕ. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್, ಮನೆಯ ಕರೆಂಟು ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೂ ಕಿಲೋಮೀಟರಿಗೆ ಎಂಬತ್ತೈದು ಪೈಸೆ ಚಿಲ್ಲರೆ. ಅದೇ ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ, ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ, ಕಿಲೋಮೀಟರಿಗೆ ಮೂರು ರೂಪಾಯಿ ನಲವತ್ತು ಪೈಸೆ ಹತ್ತಿರ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಹದಿನೈದು ಕಿಲೋಮೀಟರ್ ಕೊಡುವ ಕಾರಾದರೆ ಏಳು ರೂಪಾಯಿ. ಈ ಮೂರು ಅಂಕಿಗಳನ್ನು ಅವರು ತರಕಾರಿಯವನಿಗೆ, ಇಸ್ತ್ರಿಯವನಿಗೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಗೆ ಹೇಳಿದ್ದಾರೆ. ಈ ಲೇಖಕ ಒಮ್ಮೆ ತನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಅವರನ್ನು ಮೆಜೆಸ್ಟಿಕ್ಕಿಗೆ ಬಿಟ್ಟು ಬಂದಾಗ, ಇಳಿಯುತ್ತ ಥ್ಯಾಂಕ್ಸ್ ಬದಲು ‘ನೂರಾ ಐದು ರೂಪಾಯಿ ಸುಟ್ಟಿರಿ’ ಎಂದರು.

ಎಂಬತ್ತೈದು ಪೈಸೆ ನಿಜ. ಆದರೆ ಅದಕ್ಕೆ ಮನೆಯಲ್ಲಿ ಪ್ಲಗ್ ಬೇಕು, ಪ್ಲಗ್ಗು ಕಾರಿನ ಹತ್ತಿರ ಇರಬೇಕು. ಇವರ ಪ್ಲಗ್ಗು ಮೂರನೇ ಮಹಡಿಯಲ್ಲಿ, ಕಾರು ನೆಲದ ಮೇಲೆ.

ಆದ್ದರಿಂದ ಒಂದು ದಿನ ಅವರ ಬಾಲ್ಕನಿಯಿಂದ ಕಿತ್ತಳೆ ಬಣ್ಣದ ದಪ್ಪ ವೈರೊಂದು ಇಳಿದು ಬಂತು. ಎರಡನೇ ಮಹಡಿಯವರ ಗುಲಾಬಿ ಕುಂಡ ಬಳಸಿ, ಮೊದಲನೇ ಮಹಡಿಯಲ್ಲಿ ಈ ಲೇಖಕನ ಅಡುಗೆಮನೆ ಕಿಟಕಿಯ ಮುಂದೆ ಹಾದು, ಕೆಳಗೆ ಕಾರಿನ ಬಾಯಿಗೆ ಹೋಗಿ ಸೇರಿತು. ಮೊದಲೆರಡು ದಿನ ಎಲ್ಲರೂ ಕುತೂಹಲದಿಂದ ನೋಡಿದರು. ಮೂರನೆಯ ದಿನ ಲೇಖಕನ ಮನೆಯಾಕೆ ಅದರ ಮೇಲೆ ಒಂದು ಟವೆಲ್ ಒಣಗಲು ಹಾಕಿದಳು. ಅಂಕಲ್ ಎರಡು ಮಹಡಿ ಇಳಿದು ಓಡಿಬಂದರು. ‘ಅಮ್ಮಾ, ಅದರಲ್ಲಿ ಹದಿನಾಲ್ಕು ಆಂಪ್ಸ್ ಹರೀತಿದೆ!’ ಆಕೆ ಟವೆಲ್ ತೆಗೆಯುತ್ತ, ‘ಅದಕ್ಕೇ ಬೇಗ ಒಣಗ್ತಿದೆ’ ಎಂದಳು.

ವೈರಿನ ಕಾಲದಲ್ಲಿ ಅವರ ಮನೆಯೊಳಗೆ ನಡೆದದ್ದು ಬೇರೆಯೇ ರಾಮಾಯಣ. ಮಂಜೂರಾದ ಲೋಡು ಮೂರು ಕಿಲೋವ್ಯಾಟ್, ಕಾರೊಂದೇ ಎಳೆಯುವುದು ಮೂರು ಚಿಲ್ಲರೆ. ಗೀಸರ್ ಹಾಕಿದರೆ ಎಂಸಿಬಿ ಟ್ರಿಪ್ಪಾಗಿ ಕಾರು ನಿಲ್ಲುತ್ತದೆ, ಕಾರು ಹಾಕಿದರೆ ಸ್ನಾನ ನಿಲ್ಲುತ್ತದೆ. ಜೊತೆಗೆ 2023ರಲ್ಲಿ ಗೃಹಜ್ಯೋತಿ ಬಂತು. ಹಿಂದಿನ ವರ್ಷದ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿ ಅಷ್ಟು ಯೂನಿಟ್ ಉಚಿತ, ಅದರ ಮೇಲಿನದಕ್ಕೆ ದುಡ್ಡು, ತಿಂಗಳಿಗೆ ಇನ್ನೂರು ಯೂನಿಟ್ ದಾಟಿದರೆ ಉಚಿತವೂ ಹೋಗಿ ಪೂರ್ತಿ ಬಿಲ್ಲು. ಇವರ ಮನೆಗೆ ಸಿಗುತ್ತಿದ್ದದ್ದು ನೂರು ಯೂನಿಟ್ ಚಿಲ್ಲರೆ. ಕಾರಿಗೆ ಇನ್ನೊಂದು ನೂರು. ಮೀಟರ್ ಓದುವವನು ಬರುವ ವಾರ ಹತ್ತಿರವಾದಂತೆ ಅಂಕಲ್ ದಿನಕ್ಕೆ ಎರಡು ಸಲ ಮೀಟರ್ ಬೋರ್ಡಿನ ಮುಂದೆ ನಿಂತು ಮಣಮಣ ಎನ್ನುವರು. ನೂರಾ ತೊಂಬತ್ತೈದು ಮುಟ್ಟಿದ ಕೂಡಲೇ ವೈರು ಮೇಲಕ್ಕೆ ಹೋಗುತ್ತಿತ್ತು, ಕಾರು ಹೊರಗಿನ ಚಾರ್ಜರಿಗೆ ಹೋಗುತ್ತಿತ್ತು. ಆ ಕೊನೆಯ ಹತ್ತು ಯೂನಿಟ್ಟನ್ನು ಹೊರಗೆ ಇನ್ನೂರಾ ಮೂವತ್ತಾರು ರೂಪಾಯಿ ಕೊಟ್ಟು ತುಂಬಿಸಿ, ಮನೆಯ ಆರುನೂರು ಉಳಿಸುವುದು. ಇದು ಬುದ್ಧಿವಂತಿಕೆಯೇ, ಅನುಮಾನವಿಲ್ಲ. ‘ಇನ್ನೂರರೊಳಗೆ ತರೋಕೆ ಫ್ರಿಜ್ಜನ್ನೂ ಆಫ್ ಮಾಡ್ತಾರೆ ಕಣಮ್ಮಾ, ನನ್ನ ಮೊಸರು ಹುಳಿ, ಅವರ ಕಾರು ಫುಲ್ಲು’ ಎಂದು ಆಂಟಿ ಲೇಖಕನ ಮನೆಯಾಕೆಯ ಹತ್ತಿರ ಹೇಳಿಕೊಂಡದ್ದೂ ನಿಜವೇ.

ವೈರಿನ ತುದಿಯ ಪ್ಲಗ್ಗು ಕಂದು ತಿರುಗಿ ಸುಟ್ಟ ವಾಸನೆ ಬಂದ ದಿನ ಅಸೋಸಿಯೇಷನ್ ಎಚ್ಚೆತ್ತಿತು. ಜನರಲ್ ಬಾಡಿ ಮೀಟಿಂಗ್ ಕರೆಯಲಾಯಿತು. ಪಾರ್ಕಿಂಗಿನಲ್ಲಿ ಒಂದು ಪಾಯಿಂಟ್ ಕೊಡಿ, ಸಬ್-ಮೀಟರ್ ನಾನೇ ಹಾಕಿಸಿಕೊಳ್ಳುತ್ತೇನೆ ಎನ್ನುವುದು ಅಂಕಲ್ ಬೇಡಿಕೆ. ಕೈಯಲ್ಲಿ ಪ್ರಿಂಟ್‌ಔಟುಗಳ ಕಂತೆ. ಚಾರ್ಜಿಂಗ್ ಎಂದರೆ ಸೇವೆಯೇ ಹೊರತು ವಿದ್ಯುತ್ ಮಾರಾಟ ಅಲ್ಲ, ಲೈಸೆನ್ಸು ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಇರುವ ಸಂಪರ್ಕದಿಂದಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದು ಎಂದು 2022ರ ಮಾರ್ಗಸೂಚಿ ಹೇಳಿದೆ. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಇಪ್ಪತ್ತು ಪರ್ಸೆಂಟ್ ಜಾಗ ಇಂಥ ವಾಹನಗಳಿಗೆ ಎಂದು 2019ರ ಮಾದರಿ ಬೈಲಾ ತಿದ್ದುಪಡಿ ಹೇಳಿದೆ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಎಲ್ಲವನ್ನೂ ಓದಿದರು. ಖಜಾಂಚಿಯವರು ಶಾಂತವಾಗಿ ಕೇಳಿ, ‘ನಮ್ಮದು ಹಳೇ ಬಿಲ್ಡಿಂಗು ಸಾರ್’ ಎಂದರು.

ಆಮೇಲೆ ಎದ್ದದ್ದು ನಿಜವಾದ ಪ್ರಶ್ನೆ. ಕರೆಂಟು ಹೋದಾಗ ಪಾರ್ಕಿಂಗಿಗೆ ಜನರೇಟರ್ ಬರುತ್ತದಲ್ಲ, ಆಗ ಕಾರು ಕುಡಿಯುವುದು ಏನನ್ನು? ‘ಹಾಗಾದರೆ ನಿಮ್ಮದು ಡೀಸೆಲ್ ಕಾರೇ ಆಯ್ತಲ್ಲ’ ಎಂದು ಎರಡನೇ ಮಹಡಿಯವರು. ಗುಲಾಬಿ ಕುಂಡದ ಸಿಟ್ಟು ಅವರಲ್ಲಿ ಇನ್ನೂ ಇತ್ತು. ಸಭೆ ನಕ್ಕಿತು. ಅಂಕಲ್ ನಗಲಿಲ್ಲ. ಜನರೇಟರ್ ಬಂದ ಕೂಡಲೇ ತನ್ನ ಪಾಯಿಂಟ್ ಆಫ್ ಆಗುವಂತೆ ಒಂದು ಕಾಂಟ್ಯಾಕ್ಟರ್ ಹಾಕಿಸುವುದಾಗಿ ಅಲ್ಲೇ ನೋಟಿಸಿನ ಹಿಂಬದಿಗೆ ಸರ್ಕ್ಯೂಟ್ ಬರೆದು ತೋರಿಸಿದರು. ಯಾರಿಗೂ ಅರ್ಥವಾಗಲಿಲ್ಲ, ಆದ್ದರಿಂದ ಎಲ್ಲರೂ ವಿರೋಧಿಸಿದರು. ಮುಂದಿನ ಮೀಟಿಂಗಿಗೆ ಎಂದು ತೀರ್ಮಾನವಾಯಿತು. ಮುಂದಿನದರಲ್ಲಿ ಅದರ ಮುಂದಿನದಕ್ಕೆ.

ವೈರು ಇಲ್ಲ, ಪಾಯಿಂಟು ಇಲ್ಲ. ಅಂಕಲ್ ಪೂರ್ತಿಯಾಗಿ ಸಾರ್ವಜನಿಕ ಚಾರ್ಜರುಗಳ ಪಾಲಾದದ್ದು ಆಗಲೇ. ಈ ಲೇಖಕನೂ ಅವರ ಪಾಲಾದ.

ಪುತ್ತೂರಿನ ಹತ್ತಿರ ಮನೆಯಾಕೆಯ ಸೋದರಮಾವನ ಮೊಮ್ಮಗನ ಉಪನಯನ. ಏಪ್ರಿಲ್ ತಿಂಗಳ ಕೊನೆ. ‘ಬಸ್ಸಿಗೆ ಯಾಕೆ ದಂಡ? ನಮಗೂ ಧರ್ಮಸ್ಥಳದ ಹರಕೆ ಒಂದಿದೆ, ನನ್ನ ಕಾರಿನಲ್ಲೇ ಹೋಗೋಣ’ ಎಂದರು ಅಂಕಲ್. ಉಚಿತ ಎಂದರೆ ಈ ಲೇಖಕನಿಗೂ ಗೃಹಜ್ಯೋತಿಯ ಫಲಾನುಭವಿಗಿರುವಷ್ಟೇ ಮೋಹ. ನೆಲಮಂಗಲ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ದಾಟಿದ ಮೇಲೆ ಎ.ಸಿ. ನಿಂತಿತು. ‘ಎ.ಸಿ. ಹಾಕಿದರೆ ಗಂಟೆಗೆ ಒಂದು ಯೂನಿಟ್. ಏಳು ಕಿಲೋಮೀಟರ್ ಹೋಯ್ತು!’ ಕಿಟಕಿ ಇಳಿಸಲು ಹೋದರೆ ಅದಕ್ಕೂ ತಕರಾರು, ಗಾಳಿ ಒಳಗೆ ನುಗ್ಗಿದರೆ ಕಾರಿಗೆ ಹಿಂದೆಳೆತ. ಅರವತ್ತರ ವೇಗದಲ್ಲಿ, ಮುಚ್ಚಿದ ಗಾಜಿನೊಳಗೆ, ನಾಲ್ಕು ಜನ ಬೆವರುತ್ತ ಕುಣಿಗಲ್, ಯಡಿಯೂರು ದಾಟಿದರು. ಹಾಲಿನ ಟ್ಯಾಂಕರ್ ಹಿಂದೆ ಹಾಕಿತು. ಹುಲ್ಲಿನ ಟ್ರ್ಯಾಕ್ಟರ್ ಮಾತ್ರ ಹಿಂದೆ ಉಳಿಯಿತು, ಅದೂ ಯಡಿಯೂರಿನ ತನಕ ಪೈಪೋಟಿ ಕೊಟ್ಟು.

ಚನ್ನರಾಯಪಟ್ಟಣದ ಆಚೆ ಹೋಟೆಲೊಂದರ ಅಂಗಳದಲ್ಲಿ ಚಾರ್ಜರ್. ಆ್ಯಪಿನಲ್ಲಿ ‘ಲಭ್ಯ’ ಎಂದು ಹಸಿರು ಬಣ್ಣ. ಹೋಗಿ ನೋಡಿದರೆ ಚಾರ್ಜರಿಗೆ ಒಂದು ಗನ್ನು, ಗನ್ನಿನ ಮುಂದೆ ಒಂದು ಡೀಸೆಲ್ ಇನ್ನೋವಾ. ಮಾಲೀಕ ಒಳಗೆ ಊಟಕ್ಕೆ ಕೂತಿದ್ದಾನೆ. ಹಿಂದೆ ಇನ್ನೊಂದು ಹಸಿರು ಪ್ಲೇಟು ಕಾಯುತ್ತಿದೆ. ಅಂಕಲ್ ಹೋಟೆಲೊಳಗೆ ಹೋಗಿ ಒಂದೊಂದೇ ಟೇಬಲ್ಲಿಗೆ ಬಗ್ಗಿ ‘ಇನ್ನೋವಾ ನಿಮ್ದಾ?’ ಎಂದು ಕೇಳುತ್ತ ಹೋದರು. ಕೈಯಲ್ಲಿ ಅನ್ನ ಕಲಸುತ್ತಿದ್ದ ಒಬ್ಬರು, ‘ನೆರಳಿತ್ತು, ನಿಲ್ಲಿಸ್ದೆ’ ಎಂದರು. ಚಾರ್ಜರಿನ ಮೇಲೆ ತಗಡಿನ ಮಾಡು ಹಾಕಿಸಿದವನ ತಪ್ಪು.

ಇನ್ನೋವಾ ಹೋದ ಮೇಲೆ ಮುಂದಿದ್ದ ಯುವಕನ ಸರದಿ. ಎಂಬತ್ತು ಪರ್ಸೆಂಟ್ ಆಯಿತು. ಆತ ಕದಲಲಿಲ್ಲ. ಇಲ್ಲೊಂದು ವಿಷಯ ಹೇಳಬೇಕು. ಫಾಸ್ಟ್ ಚಾರ್ಜರಿನಲ್ಲಿ ಎಂಬತ್ತರವರೆಗೆ ಬ್ಯಾಟರಿ ಗಟಗಟ ಕುಡಿಯುತ್ತದೆ, ಆಮೇಲೆ ಗುಟುಕು ಗುಟುಕಾಗಿ. ಬ್ಯಾಟರಿ ಬಿಸಿಯಾಗಿ ಕೆಡದಿರಲೆಂದು ಕಾರೇ ಕೈ ಹಿಡಿಯುತ್ತದೆ. ಕೊನೆಯ ಇಪ್ಪತ್ತಕ್ಕೆ ಹಿಡಿಯುವ ಹೊತ್ತಿನಲ್ಲಿ ಹಿಂದಿನವನೊಬ್ಬ ಅರ್ಧ ತುಂಬಿಸಿಕೊಳ್ಳಬಹುದು. ಹಾಗಾಗಿ ಸರದಿಯಲ್ಲಿ ಜನ ಇದ್ದರೆ ಎಂಬತ್ತಕ್ಕೆ ಎದ್ದು ಹೋಗುವುದು ಮರ್ಯಾದೆ. ಎಲ್ಲೂ ಬರೆದಿಟ್ಟಿಲ್ಲ, ಆದರೂ ಮರ್ಯಾದೆ. ಯುವಕನಿಗೆ ನೂರೇ ಬೇಕಂತೆ, ಮಂಗಳೂರಿಗೆ ಹೋಗಬೇಕಂತೆ. ಅಂಕಲ್ ಜಗಳಕ್ಕೆ ನಿಲ್ಲುತ್ತಾರೆ ಎಂದು ಎಲ್ಲರೂ ಎಣಿಸಿದರು. ಅವರು ಜೇಬಿನಿಂದ ಚೀಟಿ ತೆಗೆದು ಘಾಟಿಯ ಲೆಕ್ಕ ಹಾಕಿಕೊಟ್ಟರು: ಸಕಲೇಶಪುರದಿಂದ ಆಚೆ ಬರೀ ಇಳಿಜಾರು, ಶಿರಾಡಿಯಲ್ಲಿ ಕಾರು ತಾನೇ ಬ್ರೇಕು ಹಿಡಿದು ಬ್ಯಾಟರಿಗೆ ಕರೆಂಟು ವಾಪಸ್ ಕೊಡುತ್ತದೆ, ಎಂಬತ್ತರಲ್ಲಿ ಹೊರಟರೆ ಮಂಗಳೂರಿನಲ್ಲಿ ಇಷ್ಟು ಉಳಿಯುತ್ತದೆ. ಯುವಕ ಚೀಟಿ ತಿರುಗಿಸಿ ನೋಡಿ, ಗನ್ನು ಕಿತ್ತು ಕೊಟ್ಟ. ಹೋಗುವಾಗ ನಂಬರೂ ತಗೊಂಡ.

ನಮ್ಮ ಸರದಿ ಬಂತು. ಆ್ಯಪು ತೆರೆದರು. ಈ ಚಾರ್ಜರಿನ ಕಂಪನಿಗೆ ಬೇರೆ ಆ್ಯಪು. ಅಂಕಲ್ ಫೋನಿನಲ್ಲಿ ಚಾರ್ಜಿಂಗ್ ಆ್ಯಪುಗಳೇ ಒಂದು ಪುಟ ತುಂಬಾ ಇವೆ, ಒಂದೊಂದರ ವ್ಯಾಲೆಟ್ಟಿನಲ್ಲೂ ನಲವತ್ತು, ಅರವತ್ತು, ನೂರಾ ಹತ್ತು ಹೀಗೆ ಸಿಕ್ಕಿಕೊಂಡ ದುಡ್ಡು. ಹೊಸದು ಇಳಿಸಿಕೊಂಡು, ಒಟಿಪಿಗಾಗಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, ದುಡ್ಡು ಹಾಕಿ, ಗನ್ನು ಸಿಕ್ಕಿಸಿ, ಟಕ್ ಎಂದು ಲಾಕಾದ ಸದ್ದು ಕೇಳಿಸಿಕೊಂಡು, ಒಳಗೆ ಬಂದು ಇಡ್ಲಿಗೆ ಹೇಳಿದ್ದಷ್ಟೆ. ಹೊರಗೆ ಆಡುತ್ತಿದ್ದ ಹುಡುಗನೊಬ್ಬ ಚಾರ್ಜರಿನ ಹೊಟ್ಟೆಯ ಮೇಲಿದ್ದ ದಪ್ಪ ಕೆಂಪು ಗುಂಡಿ ಒತ್ತಿದ. ತುರ್ತು ನಿಲುಗಡೆಯ ಗುಂಡಿ ಅದು. ಅದನ್ನು ಕೆಂಪಗೆ, ದುಂಡಗೆ, ಮಕ್ಕಳ ಕೈಗೆ ಸರಿಯಾಗುವ ಎತ್ತರದಲ್ಲಿ ಇಟ್ಟವರಿಗೆ ಮಕ್ಕಳಿಲ್ಲವೆಂದು ಕಾಣುತ್ತದೆ. ಮತ್ತೆ ಒಟಿಪಿ, ಮತ್ತೆ ಆಕಾಶ. ಚಾರ್ಜಿಗೆ ಕೊಟ್ಟದ್ದಕ್ಕಿಂತ ಹೋಟೆಲ್ ಬಿಲ್ಲು ಹೆಚ್ಚಾಯಿತು. ಅದನ್ನು ಈ ಲೇಖಕ ಕೊಟ್ಟ. ಕಿಲೋಮೀಟರ್ ಲೆಕ್ಕದಲ್ಲಿ ಅದು ಸೇರುವುದಿಲ್ಲವಂತೆ.

ಶಿರಾಡಿ ಇಳಿಯುವಾಗ ಪರ್ಸೆಂಟು ಎರಡು ಏರಿದ್ದು ನಿಜ. ಅಂಕಲ್ ಮುಖದಲ್ಲಿ ಆಗ ಬಂದ ಬೆಳಕನ್ನು ಅವರ ಮಗಳ ಮದುವೆಯಲ್ಲೂ ಕಂಡದ್ದಿಲ್ಲ ಎಂದು ಹಿಂದಿನ ಸೀಟಿನಿಂದ ಆಂಟಿ ಹೇಳಿದರು.

ಪುತ್ತೂರಿನ ಮನೆ ತೋಟದ ನಡುವೆ. ಅಂಗಳದಲ್ಲಿ ಚಪ್ಪರ, ಒಳಗೆ ಅಡುಗೆಯವರ ಗದ್ದಲ. ಜಗಲಿಗೆ ಹತ್ತಿದ ಕೂಡಲೇ ನೀರು ಬೆಲ್ಲ ಬರುವುದು ಆ ಕಡೆಯ ಪದ್ಧತಿ. ಬೆಲ್ಲ ಕೈಗೆ ಬರುವ ಮೊದಲೇ ಅಂಕಲ್, ‘ಪವರ್ ಪ್ಲಗ್ ಎಲ್ಲಿದೆ?’ ಎಂದು ಕೇಳಿದರು. ಮಾವ ತಬ್ಬಿಬ್ಬಾದರು. ‘ಎಂತದು ಮಾರಾಯ್ರೆ, ಇಸ್ತ್ರಿಗಾ?’ ಕಾರಿಗೆ ಎಂದು ತಿಳಿದ ಮೇಲೆ ಅವರೂ ಅವರ ಅಳಿಯಂದಿರೂ ಸೇರಿ ಗ್ರೈಂಡರಿನ ಪ್ಲಗ್ಗು ತೋರಿಸಿದರು. ಕಾರಿನ ಜೊತೆ ಬಂದ ಪೆಟ್ಟಿಗೆ ಸಿಕ್ಕಿಸಿದರೆ ಕೆಂಪು ದೀಪ ಮಿಣಮಿಣ. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಪೆಟ್ಟಿಗೆ ಕರೆಂಟು ಬಿಡುವುದಿಲ್ಲ. ಫ್ರಿಜ್ಜು, ಗ್ರೈಂಡರ್, ಟಿವಿ ಯಾವುದೂ ಆ ಮನೆಯಲ್ಲಿ ಇಷ್ಟು ವರ್ಷ ಅರ್ಥಿಂಗಿನ ಬಗ್ಗೆ ತಕರಾರು ಮಾಡಿರಲಿಲ್ಲ.

ಅಂಕಲ್ ಪಂಚೆ ಮೇಲೆ ಕಟ್ಟಿದರು. ಮೀಟರ್ ಬೋರ್ಡಿನಿಂದ ಇಳಿದ ತಂತಿಯ ಜಾಡು ಹಿಡಿದು ಮನೆಯ ಹಿಂದೆ, ದಾಸವಾಳದ ಗಿಡದ ಬುಡದಲ್ಲಿ, ಅರ್ಥಿಂಗ್ ಗುಂಡಿ ಪತ್ತೆ ಮಾಡಿದರು. ಬೇಸಿಗೆಗೆ ನೆಲ ಒಣಗಿ ಬಿರಿದಿತ್ತು. ಒಣಮಣ್ಣಿನಲ್ಲಿ ಅರ್ಥಿಂಗ್ ಹಿಡಿಯುವುದಿಲ್ಲ, ತೇವ ಬೇಕು, ಉಪ್ಪು ಬೇಕು. ಅಡುಗೆಯವರಿಂದ ಕಲ್ಲುಪ್ಪು ಇಸಿದುಕೊಂಡು, ಬಚ್ಚಲ ಹಂಡೆಯಿಂದ ಕೊಡಪಾನದಲ್ಲಿ ನೀರು ತಂದು ಸುರಿಯತೊಡಗಿದರು. ಒಂದು ಕೊಡ, ಎರಡು ಹಿಡಿ ಉಪ್ಪು, ಇನ್ನೊಂದು ಕೊಡ. ಅಡಿಕೆ ಕೆರೆಯುತ್ತ ಕೂತಿದ್ದ ಮನೆಯ ಅಜ್ಜಿ ಇದನ್ನು ಬಹಳ ಹೊತ್ತು ಭಕ್ತಿಯಿಂದ ನೋಡಿ, ‘ಯಾವ ದೇವರಿಗೆ ಮಗಾ ಇದು?’ ಎಂದರು. ‘ಭೂಮಿತಾಯಿಗೆ’ ಎಂದರು ಅಂಕಲ್, ಸುಳ್ಳೂ ಅಲ್ಲ. ಅಜ್ಜಿ ಕೈಮುಗಿದರು. ನಾಲ್ಕನೇ ಕೊಡಕ್ಕೆ ದೀಪ ಹಸಿರಾಯಿತು.

ಹಸಿರಾದದ್ದೇ ತಡ, ಚಪ್ಪರದ ಬಲ್ಬುಗಳೆಲ್ಲ ಮಂಕಾದವು. ‘ಎಂತ ಇದು, ಕಾಯಿ ಅರೆಯುವುದಾ ಕಾರಿಗೆ ಹಾಕುವುದಾ?’ ಎಂದು ಅಡುಗೆಯ ಭಟ್ಟರು. ಸಂಧಾನ ಆಯಿತು: ಹತ್ತು ಗಂಟೆಯವರೆಗೆ ಗ್ರೈಂಡರಿಗೆ, ಆಮೇಲೆ ಕಾರಿಗೆ. ಮರುದಿನ ಮುಹೂರ್ತಕ್ಕೆ ಬಂದ ಪುರೋಹಿತರಿಂದ ಹಿಡಿದು ಪಾತ್ರೆ ತೊಳೆಯುವವರ ತನಕ ಎಲ್ಲರೂ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಪರ್ಸೆಂಟ್ ವಿಚಾರಿಸಿದರು. ವಟುವಿಗಿಂತ ಅಂಕಲ್ ಸುತ್ತಲೇ ಜನ ಹೆಚ್ಚು. ಮಾವ ದುಡ್ಡು ಮುಟ್ಟಲಿಲ್ಲ. ‘ನೆಂಟರು ಉಂಡದ್ದಕ್ಕೆ ಬಿಲ್ಲು ಮಾಡ್ಲಿಕ್ಕುಂಟಾ?’ ಇದೊಂದು ದರ ಅಂಕಲ್ ಲೆಕ್ಕದ ಡೈರಿಯಲ್ಲಿ ಯಾವ ಕಾಲಮ್ಮಿಗೂ ಹೊಂದಲಿಲ್ಲ.

ವಾಪಸ್ ಬರುವಾಗಿನ ಕಥೆ ಬೇಡ. ಹದಿನೇಳು ಕ್ವಿಂಟಾಲ್ ಭಾರವನ್ನು ಎಂಟುನೂರು ಮೀಟರ್ ಎತ್ತರಕ್ಕೆ ಏರಿಸಲು ಬರೀ ಭೌತಶಾಸ್ತ್ರಕ್ಕೇ ಮೂರೂಮುಕ್ಕಾಲು ಯೂನಿಟ್ ಹತ್ತಿರ ಕೊಡಬೇಕು, ರಸ್ತೆಯ ಖರ್ಚು ಬೇರೆ. ಗುಂಡ್ಯದ ಸೆಕೆಯಲ್ಲಿ ಎ.ಸಿ. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾವ ಕೊಟ್ಟ ಹಲಸಿನಹಣ್ಣನ್ನು ಡಿಕ್ಕಿಗೆ ಹಾಕುವಾಗ ಅದರ ತೂಕವನ್ನೂ ಅಂಕಲ್ ಕೇಳಿದರು ಎಂದಷ್ಟು ಹೇಳಿದರೆ ಸಾಕು.

ಅಪಾರ್ಟ್‌ಮೆಂಟಿನಲ್ಲಿ ಪಾಯಿಂಟ್ ಬಂದದ್ದು ಕಾನೂನಿನಿಂದಲ್ಲ, ಖಜಾಂಚಿಯವರ ಅಳಿಯನಿಂದ. ಆತ ಇವಿ ಕೊಂಡ. ಹಳೇ ಬಿಲ್ಡಿಂಗು ಒಂದೇ ತಿಂಗಳಲ್ಲಿ ಹೊಸತಾಯಿತು. ಅಂಕಲ್ ಬರೆದ ಅದೇ ಸರ್ಕ್ಯೂಟ್, ಅದೇ ಕಾಂಟ್ಯಾಕ್ಟರ್, ಫ್ಲಾಟಿಗೊಂದು ಸಬ್-ಮೀಟರ್. ಉದ್ಘಾಟನೆಗೆ ಅವರಿಂದಲೇ ತೆಂಗಿನಕಾಯಿ ಒಡೆಸಿದರು, ನೀರು ಸಾಕೆಟ್ಟಿಗೆ ಸಿಡಿಯದ ಹಾಗೆ ದೂರ ನಿಲ್ಲಿಸಿ. ಈಗ ಪಾರ್ಕಿಂಗಿನಲ್ಲಿ ಆರು ಹಸಿರು ಪ್ಲೇಟುಗಳಿವೆ. ಅಂಕಲ್ ಕಾರು ಕೆಳಗೆ ಬಾಗಿಲ ಪಕ್ಕವೇ ಚಾರ್ಜಾಗುತ್ತದೆ, ಎಂಬತ್ತೈದು ಪೈಸೆಗೆ ಸ್ವಲ್ಪ ಹೆಚ್ಚು ಕಡಿಮೆ. ಇಷ್ಟು ವರ್ಷ ಹೋರಾಡಿದ್ದು ಇದಕ್ಕೇ ತಾನೆ.

ಆದರೆ ಹೊಸಬರ ಕಾರುಗಳಲ್ಲಿ ನಲವತ್ತೈದು, ಐವತ್ತು, ಅದಕ್ಕೂ ಮೇಲೆ ಯೂನಿಟ್ ಹಿಡಿಯುವ ಬ್ಯಾಟರಿಗಳು. ವಾರಕ್ಕೊಮ್ಮೆ ಗನ್ನು ಸಿಕ್ಕಿಸಿದರೆ ಆಯಿತು. ಟೈಮರ್ ಹಾಕಿ ಮಲಗುತ್ತಾರೆ. ಖಜಾಂಚಿಯ ಅಳಿಯನನ್ನು ಅಂಕಲ್ ಒಮ್ಮೆ ಲಿಫ್ಟಿನಲ್ಲಿ, ‘ಎಷ್ಟಿದೆ?’ ಎಂದು ಕೇಳಿದರು. ಆತ ಕಿವಿಯಿಂದ ಇಯರ್‌ಫೋನ್ ತೆಗೆದು, ‘ಏನೆಷ್ಟು ಅಂಕಲ್?’ ಎಂದ. ‘ಪರ್ಸೆಂಟು.’ ‘ಗೊತ್ತಿಲ್ಲ ಅಂಕಲ್, ಇರುತ್ತೆ.’ ಆ ‘ಇರುತ್ತೆ’ ಎಂಬ ಮಾತನ್ನು ಅಂಕಲ್ ಬಹಳ ದಿನ ಮರೆಯಲಿಲ್ಲ. ಲೇಖಕನ ಬಳಿ ಅದನ್ನು ಹಾಗೇ ಅನುಕರಿಸಿ ತೋರಿಸಿದ್ದಾರೆ, ಮೊದಲು ಸಿಟ್ಟಿನಿಂದ, ಆಮೇಲೆ ಬರೀ ಆಶ್ಚರ್ಯದಿಂದ. ಮಗಳು ಕಡಲಾಚೆ. ಫೋನು ಮಾಡಿದಾಗ ಅವಳೂ ಮೊದಲೆಲ್ಲ ಕೇಳುತ್ತಿದ್ದಳಂತೆ, ಈಗ ಕೇಳುವುದಿಲ್ಲವಂತೆ, ಅವಳ ಮನೆಯ ಗ್ಯಾರೇಜಿನಲ್ಲೂ ಅಂಥದೇ ಕಾರು ಬಂದಿದೆ.

ಹಾಗಾಗಿ, ಮನೆಯಲ್ಲಿ ಪಾಯಿಂಟ್ ಇಟ್ಟುಕೊಂಡು, ಅಂಕಲ್ ಭಾನುವಾರ ಬೆಳಿಗ್ಗೆ ಹೊರಗೆ ಚಾರ್ಜ್ ಮಾಡಲು ಹೋಗುತ್ತಾರೆ. ಮೈಸೂರು ರಸ್ತೆಯ ಕಡೆ, ಒಮ್ಮೊಮ್ಮೆ ತುಮಕೂರು ರಸ್ತೆ. ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಈಗ ಐದು ಸಾವಿರ ದಾಟಿವೆ, ಬಹುಪಾಲು ಬೆಂಗಳೂರಿನಲ್ಲೇ ಇವೆ, ಆದ್ದರಿಂದ ಕಾರಣಕ್ಕೆ ಕೊರತೆ ಇಲ್ಲ. ‘ಸ್ಪೀಡ್ ಹೇಗಿದೆ ನೋಡಬೇಕು’, ‘ಬ್ಯಾಟರಿಗೆ ಒಂದೊಂದು ಸಲ ಫಾಸ್ಟ್ ಒಳ್ಳೇದು.’ ಎರಡನೆಯದನ್ನು ಯಾವ ತಯಾರಕನೂ ಹೇಳಿದ್ದಿಲ್ಲ. ಆಂಟಿಯ ವಿವರಣೆಯೇ ಬೇರೆ: ‘ಮನೆಗೆ ನಲ್ಲಿ ಬಂದ ಮೇಲೂ ಇವರಮ್ಮ ಕೊಡ ಹಿಡ್ಕೊಂಡು ಬೀದಿ ನಲ್ಲಿಗೆ ಹೋಗ್ತಿದ್ರು. ನೀರಿಗಾ ಹೋಗ್ತಿದ್ದದ್ದು?’

ಅಲ್ಲಿ ಅವರನ್ನು ನೋಡಬೇಕು. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರದ ಟ್ಯಾಕ್ಸಿ ಹುಡುಗರಿಗೆ ಮನೆಯಲ್ಲಿ ಪ್ಲಗ್ಗೂ ಇಲ್ಲ, ಪಾರ್ಕಿಂಗೂ ಇಲ್ಲ. ಯೂನಿಟ್ಟಿಗೆ ಇಪ್ಪತ್ತು ಕೊಟ್ಟೇ ದುಡಿಯಬೇಕು, ಕಾಯುವ ಒಂದೊಂದು ಗಂಟೆಯೂ ಬಾಡಿಗೆ ನಷ್ಟ. ಎಂಬತ್ತೈದು ಪೈಸೆಯ ಮಾತನ್ನು ಅಂಕಲ್ ಅವರ ಮುಂದೆ ಎತ್ತುವುದಿಲ್ಲ, ಇದನ್ನು ಲೇಖಕ ಗಮನಿಸಿದ್ದಾನೆ. ಯಾವ ಚಾರ್ಜರು ರಾತ್ರಿ ಖಾಲಿ ಇರುತ್ತದೆ, ಯಾವುದರ ಗನ್ನಿನ ಲಾಕು ಬಿಡುವುದಿಲ್ಲ, ಸೆಷನ್ ನಿಂತು ದುಡ್ಡು ಕತ್ತರಿಸಿಕೊಂಡರೆ ಯಾರಿಗೆ ಬರೆಯಬೇಕು ಎಂದು ಹೇಳುತ್ತಾರೆ. ಕೆಲವರಿಗೆ ದೂರನ್ನು ಇಂಗ್ಲಿಷಿನಲ್ಲಿ ಟೈಪೂ ಮಾಡಿಕೊಡುತ್ತಾರೆ. ಒಬ್ಬ ಹುಡುಗ ಮಂಡ್ಯದವನು. ಅವನ ವಠಾರದ ಮಾಲೀಕನಿಗೆ ಫೋನು ಹಚ್ಚಿ, ಸಬ್-ಮೀಟರ್ ಎಂದರೇನು, ಮನೆಯ ಕರೆಂಟಿಗೆ ಏನೂ ಆಗುವುದಿಲ್ಲ ಎಂದು ಅರ್ಧ ಗಂಟೆ ವಿವರಿಸಿದರು. ಮಾಲೀಕ ಒಪ್ಪಲಿಲ್ಲ, ಹಳೇ ಬಿಲ್ಡಿಂಗಂತೆ. ಮುಂದಿನ ವಾರ ಮತ್ತೆ ಮಾಡುತ್ತೇನೆ ಎಂದು ಆ ನಂಬರನ್ನು ಡೈರಿಯಲ್ಲಿ ಬರೆದುಕೊಂಡರು, ಪರ್ಸೆಂಟುಗಳ ಪಕ್ಕದಲ್ಲೇ.

ಈ ನಡುವೆ ಲೇಖಕನ ಮನೆಯಾಕೆ ಒಂದು ಎಲೆಕ್ಟ್ರಿಕ್ ಸ್ಕೂಟರಿಗೆ ಮುಂಗಡ ಕೊಟ್ಟು ಬಂದಿದ್ದಾಳೆ. ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಅಂಕಲ್ ಟೆಸ್ಟರ್ ಹಿಡಿದು ಬಂದರು. ಅಡುಗೆಮನೆಯ ಪ್ಲಗ್ಗು ಬಿಚ್ಚಿ, ಒಳಗಿನ ತಂತಿಗಳನ್ನು ನೋಡಿ, ಡಾಕ್ಟರು ಎಕ್ಸ್‌ರೇ ನೋಡುವಷ್ಟು ಹೊತ್ತು ಮೌನವಾಗಿದ್ದು, ‘ಇಷ್ಟು ದಿನ ಹೇಗೆ ಬದುಕಿದ್ದೀರಿ?’ ಎಂದರು. ಎಲೆಕ್ಟ್ರಿಷಿಯನ್ ಬಂದು ಹೋಗಿದ್ದಾನೆ. ಅವನ ಬಿಲ್ಲಿನಲ್ಲಿ ಹಳೆಯ ಸ್ಕೂಟರಿಗೆ ಒಂದು ವರ್ಷದ ಪೆಟ್ರೋಲು ಬರುತ್ತಿತ್ತು. ಅಂಕಲ್ ಹತ್ತಿರ ಆ ಲೆಕ್ಕ ಎತ್ತಿದರೆ, ‘ಅದು ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ಕಿಲೋಮೀಟರಿಗೆ ಸೇರಿಸಬಾರದು’ ಎನ್ನುತ್ತಾರೆ.

ಬರುವ ಭಾನುವಾರ ಕುಣಿಗಲ್ ದಾರಿಯಲ್ಲಿ ಹೊಸದೊಂದು ಚಾರ್ಜರ್ ನೋಡಲು ಹೋಗುವುದೆಂದು ನಿಶ್ಚಯವಾಗಿದೆ. ಅರವತ್ತು ಕಿಲೋವ್ಯಾಟಿನದು, ಎರಡು ಗನ್ನು, ಪಕ್ಕದಲ್ಲಿ ತಟ್ಟೆ ಇಡ್ಲಿ. ಎ.ಸಿ. ವಿಷಯದಲ್ಲಿ ಈ ಸಲ ಲೇಖಕ ಮೊದಲೇ ಕರಾರು ಮಾಡಿಕೊಂಡಿದ್ದಾನೆ: ಹೋಗುವಾಗ ಹಾಕುವುದು, ಬರುವಾಗ ಪರ್ಸೆಂಟ್ ನೋಡಿಕೊಂಡು ಹೇಳುವುದು.